ಎರಡಿಂಚಿನ ಕೃಪೆ

ಜೋಯಾ ನದಾಫ್ ಬೂಟು ಕಳಚಿಟ್ಟು ಬರಿಗಾಲಿನಲ್ಲಿ ಕಪ್ಪು ಹಾಸಿನ ಮೇಲೆ ನಿಂತಳು. ತಲೆಯಿಂದ ಪಾದದವರೆಗೆ ಕೆಂಪು ಬೆಳಕಿನ ಗೆರೆಯೊಂದು ಇಳಿಯಿತು. ಮುಂಗೈಯನ್ನು ಗಾಜಿನ ಗುಳಿಯೊಳಗೆ ಇಟ್ಟಳು, ನಿಂತಲ್ಲೇ ಒಮ್ಮೆ ನೆಗೆದಳು, ಚೆಂಡನ್ನು ಒಮ್ಮೆ ಬುಟ್ಟಿಗೆ ಎಸೆದಳು. ಯಂತ್ರಕ್ಕೆ ಬೇಕಾಗಿದ್ದುದು ಅಷ್ಟೇ. ಹನ್ನೊಂದು ಸೆಕೆಂಡಿನಲ್ಲಿ ಅಂಕಣದ ಬದಿಯ ಪರದೆಯ ಮೇಲೆ ಇಪ್ಪತ್ತೆರಡು ವರ್ಷದ ಜೋಯಾ ಕಾಣಿಸಿಕೊಂಡಳು. ಅದೇ ದಟ್ಟ ಹುಬ್ಬು, ಅದೇ ಎಡಗೈ ಎಸೆತ. ಆಕೆ ಎದುರಾಳಿಗಳ ನಡುವೆ ನುಗ್ಗಿ ನೆಗೆದು ಎಸೆದ ಚೆಂಡನ್ನು ಎತ್ತರದ ಹುಡುಗಿಯೊಬ್ಬಳು ಸಲೀಸಾಗಿ ತಡೆದಳು. ಎರಡನೇ ಸಲವೂ ತಡೆದಳು. ಮೂರನೇ ಸಲಕ್ಕೆ ಚಿತ್ರ ನಿಂತು ಕೆಳಗೆ ಅಕ್ಷರಗಳು ಮೂಡಿದವು: ಪೂರ್ಣ ಎತ್ತರ ಐದಡಿ ಐದಿಂಚು. ಶಿಫಾರಸು ಇಲ್ಲ.

ಹದಿನೈದು ವರ್ಷದ ಜೋಯಾ ತಾನು ಸೋಲುವುದನ್ನು ಬಾಯಿ ತೆರೆದುಕೊಂಡು ನೋಡಿದಳು.

"ಅಕಿ ನಾನೇನ್ರಿ, ಮೇಡಂ?" ಎಂದು ಕೇಳಿದಳು.

"ಯಂತ್ರ ಹಂಗಂತ ಹೇಳತೈತಿ," ಎಂದರು ಸುಗಂಧಾ ಬಡಿಗೇರ.

ಇಸವಿ ಎರಡು ಸಾವಿರದ ಐವತ್ತನಾಲ್ಕು. ಧಾರವಾಡದ ಮಹಿಳಾ ಕಾಲೇಜೊಂದರ ಬ್ಯಾಸ್ಕೆಟ್‌ಬಾಲ್ ತಂಡಕ್ಕಾಗಿ ಪ್ರೌಢಶಾಲೆಗಳಲ್ಲಿ ಆಟಗಾರ್ತಿಯರನ್ನು ಹುಡುಕುವ ಕೆಲಸ ಸುಗಂಧಾ ಅವರದು. ಆ ತಂಡ ಸೇರಿದವರಿಗೆ ಊಟ, ವಸತಿ, ಪದವಿಯವರೆಗಿನ ಓದು, ಮೂರು ಹೊತ್ತು ತರಬೇತಿ ಎಲ್ಲವೂ ಸಿಗುತ್ತಿತ್ತು. ಸೇರದವರಿಗೆ ಹತ್ತನೇ ತರಗತಿಯೊಂದಿಗೆ ಆಟ ಮುಗಿಯುತ್ತಿತ್ತು. ಈ ವರ್ಷ ಉಳಿದಿದ್ದುದು ಒಂದೇ ಸ್ಥಾನ. ಪಟ್ಟಿ ಮುಚ್ಚಲು ಹದಿನೆಂಟು ದಿನಗಳಿದ್ದವು.

ನಾಲ್ಕು ವರ್ಷಗಳಿಂದ ಆಯ್ಕೆಯ ಕೊನೆಯ ಮಾತು ಮುಂಗನ್ನಡಿಯದಾಗಿತ್ತು. ಡಾ. ವಾದಿರಾಜ ಹೊಂಬಳ ಎಂಬ ವಿಜ್ಞಾನಿ ಕಟ್ಟಿದ ಯಂತ್ರಕ್ಕೆ ಜನ ಇಟ್ಟ ಹೆಸರು ಅದು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೃದ್ವಸ್ಥಿಯ ತೆಳುವಾದ ಪಟ್ಟಿಯೊಂದಿರುತ್ತದೆ. ಅದು ಗಟ್ಟಿಯಾಗಿ ಮುಚ್ಚಿಕೊಳ್ಳುವವರೆಗೆ ಮಗು ಎತ್ತರವಾಗುತ್ತಲೇ ಇರುತ್ತದೆ. ಮುಂಗೈಯ ಎಲುಬುಗಳಲ್ಲಿ ಆ ಪಟ್ಟಿ ಎಷ್ಟು ಉಳಿದಿದೆ ಎಂದು ಯಂತ್ರ ನೋಡುತ್ತಿತ್ತು. ಹಿಂದಿನ ಮೂವತ್ತು ವರ್ಷಗಳ ಆಟಗಾರ್ತಿಯರ ಎತ್ತರ, ಮುಂಗೈಯ ಎಕ್ಸ್‌ರೇ ಇದ್ದ ಕಾರ್ಡುಗಳನ್ನೆಲ್ಲ ಅದಕ್ಕೆ ಉಣಿಸಲಾಗಿತ್ತು. ಇಂಥ ಮುಂಗೈಯ, ಇಷ್ಟು ಎತ್ತರದ ಹುಡುಗಿ ಮುಂದೆ ಏನಾದಳು ಎಂಬುದನ್ನು ಅವುಗಳಿಂದ ಕಲಿತು, ಇವಳು ಏನಾಗುತ್ತಾಳೆ ಎಂದು ಅದು ಹೇಳುತ್ತಿತ್ತು. ಅದು ಆರಿಸಿದ ಹುಡುಗಿಯರು ಚೆನ್ನಾಗಿಯೇ ಆಡುತ್ತಿದ್ದರು. ಅದು ಬೇಡ ಎಂದವರನ್ನು ಮತ್ತೆ ನೋಡಲು ಯಾರೂ ಹೋಗುತ್ತಿರಲಿಲ್ಲ.

ಸುಗಂಧಾ ಯಾರನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಜನ್ಮ ದಾಖಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ವಯಸ್ಸು ಮುಚ್ಚಿಟ್ಟಿದ್ದಾರೆಂಬ ಗುಮಾನಿ ಬಂದರೆ ಹುಡುಗಿಯ ಬಾಯಿ ತೆರೆಸಿ ದವಡೆ ಹಲ್ಲು ಎಣಿಸುತ್ತಿದ್ದರು. ಬೂಟಿನೊಳಗೆ ಕೈ ಹಾಕಿ ಅಟ್ಟೆ ತಡಕುತ್ತಿದ್ದರು. ಎತ್ತರ ಅಳೆಯುವಾಗ ಹಿಮ್ಮಡಿ ಕೂದಲೆಳೆಯಷ್ಟು ಎದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಇಷ್ಟೆಲ್ಲ ಕಳ್ಳಾಟ ಇವರಿಗೆ ಹೇಗೆ ಗೊತ್ತು ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಜೋಯಾ ಆಡಿದ್ದನ್ನು ಅವರು ಹಿಂದಿನ ದಿನ ಗದಗಿನಲ್ಲಿ ಪೂರ್ತಿ ನೋಡಿದ್ದರು. ತನಗಿಂತ ಒಂದು ಗೇಣು ಎತ್ತರದವರ ಕಂಕುಳಡಿಯಿಂದ ನುಸುಳಿ ಆ ಹುಡುಗಿ ಇಪ್ಪತ್ತಾರು ಅಂಕ ಗಳಿಸಿದ್ದಳು. ಈಗಿನ ಎತ್ತರ ಐದಡಿ ಮೂರಿಂಚು, ನಿಜ. ಆದರೆ ಅವಳ ಪಾದ ನೋಡಿದರೆ ಇನ್ನೂ ಬೆಳೆಯುವ ಮಗು. ಮೂವತ್ತು ವರ್ಷ ಹುಡುಗಿಯರ ಪಾದ ನೋಡಿದ ಕಣ್ಣು ಒಂದು ಹೇಳುತ್ತಿತ್ತು, ಯಂತ್ರ ಇನ್ನೊಂದು ಹೇಳುತ್ತಿತ್ತು. ಕಾಲೇಜಿನ ನಿಯಮದಂತೆ ಪೂರ್ಣ ಎತ್ತರ ಐದಡಿ ಆರಿಂಚಾದರೂ ಬರಬೇಕು. ಒಂದು ಇಂಚಿಗೆ ಹುಡುಗಿ ಹೊರಗೆ.

ಅವರ ಅನುಮಾನ ಮೊದಲು ಹೋಗಿದ್ದು ವಾದಿರಾಜರ ಮೇಲೆ. ಈ ಮನುಷ್ಯ ಬೇರೆ ಯಾವುದೋ ಕಾಲೇಜಿನ ಜೊತೆ ಶಾಮೀಲಾಗಿ, ಒಳ್ಳೆಯ ಹುಡುಗಿಯರನ್ನು ನಮಗೆ ಬೇಡ ಎನಿಸಿ ಅತ್ತ ಕಳಿಸುತ್ತಿರಬಹುದೇ? ನಾಲ್ಕು ವರ್ಷಗಳಲ್ಲಿ ಯಂತ್ರ ಬೇಡವೆಂದ ಗಿಡ್ಡ ಹುಡುಗಿಯರ ಪಟ್ಟಿ ತರಿಸಿದರು. ನೂರ ನಲವತ್ತಮೂರು ಹೆಸರು. ಅವರಲ್ಲಿ ಒಬ್ಬಳೂ ಬೇರೆ ಯಾವ ತಂಡದಲ್ಲೂ ಇರಲಿಲ್ಲ. ಎಲ್ಲರೂ ಆಟ ಬಿಟ್ಟಿದ್ದರು.

ಹಾಗಿದ್ದರೂ ಅನುಮಾನ ಹೋಗಲಿಲ್ಲ. ಮರುದಿನ ಟೇಪು ಹಿಡಿದು ಹುಬ್ಬಳ್ಳಿಗೆ ಹೋದರು. ಪಟ್ಟಿಯ ಮೊದಲ ಹೆಸರು ಚಿನ್ಮಯಿ ಕಮ್ಮಾರಳದು. ಹತ್ತೊಂಬತ್ತರ ಆ ಹುಡುಗಿ ಬಸ್ಸುಗಳಿಗೆ ವಿದ್ಯುತ್ ತುಂಬುವ ಡಿಪೋದಲ್ಲಿ ಕೆಲಸಕ್ಕಿದ್ದಳು.

"ಒಂದ್ ನಿಮಿಷ ಗ್ವಾಡಿಗೆ ಬೆನ್ನ ಹಚ್ಚಿ ನಿಂದರವ್ವಾ," ಎಂದರು.

"ಈಗ್ಯಾಕ್ರಿ ಅಳತಿ?" ಚಿನ್ಮಯಿ ನಕ್ಕಳು. ನಗುವಿನಲ್ಲಿ ಸಿಟ್ಟೂ ಇತ್ತು. "ಆವತ್ತ ಪರದೇದಾಗ ನಾ ಬಿದ್ದದ್ದ ನೋಡಿ ನಮ್ಮಪ್ಪ ಚೆಂಡ ತಗದು ಅಟ್ಟದ ಮ್ಯಾಲ ಇಟ್ಟ. ಹೌದ್ರಿ, ಯಂತ್ರಾನ ಹೇಳಿದ ಮ್ಯಾಲ ನಾವರ ಏನ್ ಮಾಡೋಣು?"

ಗೋಡೆಯ ಮೇಲೆ ಪೆನ್ಸಿಲಿನ ಗೆರೆ ಎಳೆದು ಸುಗಂಧಾ ಟೇಪು ಹಿಡಿದರು. ಐದಡಿ ಏಳಿಂಚು. ಕೈಯಲ್ಲಿದ್ದ ಪಟ್ಟಿ ನೋಡಿದರು. ಮುಂಗನ್ನಡಿ ಹೇಳಿದ್ದು ಐದಡಿ ಐದು. ಟೇಪೇ ಸರಿಯಿಲ್ಲವೇನೋ ಎಂದು ಪಕ್ಕದ ಅಂಗಡಿಯಿಂದ ಹೊಸದು ತಂದು ಮತ್ತೆ ಅಳೆದರು. ಅಷ್ಟೇ ಬಂತು.

ಮುಂದಿನ ಎರಡು ವಾರ ಅವರು ಬಸ್ಸಿನಿಂದ ಬಸ್ಸಿಗೆ ಹತ್ತಿಳಿದರು. ನವಲಗುಂದ, ನರಗುಂದ, ಸವದತ್ತಿ, ಬೈಲಹೊಂಗಲ. ಒಬ್ಬಾಕೆ ಬಾಗಿಲನ್ನೇ ತೆರೆಯಲಿಲ್ಲ. ಇನ್ನೊಬ್ಬಳಿಗೆ ಮದುವೆಯಾಗಿತ್ತು, ಅತ್ತೆಯ ಮುಂದೆ ಗೋಡೆಗೆ ನಿಲ್ಲಲು ನಾಚಿದಳು. ಒಟ್ಟು ಹದಿಮೂರು ಮಂದಿಯನ್ನು ಅಳೆಯಲಾಯಿತು. ಇಬ್ಬರು ಯಂತ್ರ ಹೇಳಿದಷ್ಟೇ ಇದ್ದರು. ಹನ್ನೊಂದು ಮಂದಿ ಯಂತ್ರ ಹೇಳಿದ್ದಕ್ಕಿಂತ ಹೆಚ್ಚೂಕಡಿಮೆ ಎರಡಿಂಚು ಎತ್ತರವಿದ್ದರು. ಒಂದಲ್ಲ, ಮೂರಲ್ಲ, ಎರಡು. ಆ ಅಂಕಿ ಅವರನ್ನು ಯಾಕೋ ಒಳಗೇ ಕೊರೆಯತೊಡಗಿತು.

ಪಟ್ಟಿ ಮುಚ್ಚುವ ಹಿಂದಿನ ದಿನ ಅವರು ವಾದಿರಾಜರ ಪ್ರಯೋಗಾಲಯಕ್ಕೆ ಹೋಗಿ ಅಳತೆಯ ಹಾಳೆಯನ್ನು ಮೇಜಿನ ಮೇಲೆ ಹರವಿದರು.

"ನಿಮ್ಮ ಕನ್ನಡಿ ಸುಳ್ಳ ಹೇಳತೈತಿ, ಸರ್. ನೀವ ಹೇಳಿಸೀರೋ, ತಾನ ಹೇಳತೈತೋ, ಅದನ್ನ ಕೇಳಾಕ ಬಂದೇನಿ."

ವಾದಿರಾಜರ ಮುಖ ಕೆಂಪಾಯಿತು. "ಮೇಡಂ, ನಾ ಹೇಳಿಸಲಿಕ್ಕೆ ಅದೇನು ಗಿಣಿ ಅಲ್ಲ. ಗಿಡ್ಡ ಹುಡುಗ್ಯಾರ ಎಲುಬು ತೆರದಿದ್ರೂ ಅವರು ಜಾಸ್ತಿ ಬೆಳೆಯೂದಿಲ್ಲ. ಯಂತ್ರ ತಾನ ಕಂಡುಹಿಡದ ನಿಯಮ ಅದು. ನಾ ಅದರ ಮ್ಯಾಲ ಪ್ರಬಂಧ ಬರದೇನಿ, ಬಹುಮಾನ ಬಂದದ."

"ನಿಯಮ ಗ್ವಾಡಿ ಮ್ಯಾಲ ಎರಡಿಂಚ ತಪ್ಪೇತಿ ನೋಡ್ರಿ."

ವಾದಿರಾಜರು ಹಾಳೆ ಓದಿದರು. ಮತ್ತೊಮ್ಮೆ ಓದಿದರು. ವಾದ ಮಾಡುವ ಮನುಷ್ಯನಾದರೂ ಅಂಕಿಗಳನ್ನು ಕಂಡರೆ ಸುಮ್ಮನಾಗುವ ಒಳ್ಳೆಯ ಗುಣ ಅವರಲ್ಲಿತ್ತು. "ಯಂತ್ರದಾಗ ತಪ್ಪಿಲ್ಲ ಅಂದ್ರ ಅದು ಕಲತ ಕಾರ್ಡಿನಾಗ ಇರಬೇಕು," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. "ಗಿಡ್ಡ ಹುಡುಗ್ಯಾರ ಹಳೇ ಕಾರ್ಡು ತೆಗೆಸತೇನಿ, ಕೂಡ್ರಿ."

ಪರದೆಯ ಮೇಲೆ ಹಳದಿ ಬಣ್ಣಕ್ಕೆ ತಿರುಗಿದ ಕೈಬರಹದ ಕಾರ್ಡುಗಳು ಒಂದೊಂದಾಗಿ ಬಂದವು. ಆಯ್ಕೆಯ ದಿನದ ಎತ್ತರ, ಐದಡಿ ಐದಿಂಚು. ಮುಂದಿನದು, ಐದಡಿ ಐದಿಂಚು. ಅದರ ಮುಂದಿನದೂ ಅಷ್ಟೇ. ಅದೇ ಕಾರ್ಡುಗಳ ಕೊನೆಯಲ್ಲಿ, ಇಪ್ಪತ್ತೆರಡನೇ ವಯಸ್ಸಿಗೆ ವಸತಿನಿಲಯ ಬಿಡುವಾಗ ವೈದ್ಯರು ಅಳೆದ ಎತ್ತರ, ಐದಡಿ ಏಳಿಂಚು.

"ಇಷ್ಟು ಮಂದಿ ಕರೆಕ್ಟಾಗಿ ಐದಡಿ ಐದಿಂಚು ಹ್ಯಾಂಗ ಇದ್ರು?" ಎಂದರು ವಾದಿರಾಜರು. "ಯಾರರ ಬೇಕಂತ ಬರದಾರ. ಯಾರೋ ಕಳ್ಳರು..."

ಸುಗಂಧಾ ಅಂಕಿ ನೋಡುತ್ತಿರಲಿಲ್ಲ, ಅಕ್ಷರ ನೋಡುತ್ತಿದ್ದರು. ಐದರ ಬಾಲವನ್ನು ಒಳಕ್ಕೆ ಸುರುಳಿ ಸುತ್ತಿ ಬರೆಯುವ ಅಭ್ಯಾಸ ಅವರಿಗೆ ಚಿಕ್ಕಂದಿನಿಂದ ಇತ್ತು.

ಅಂಥ ಮೊದಲ ಕಾರ್ಡು ಬರೆದಾಗ ಅವರಿಗೆ ಇಪ್ಪತ್ತೇಳು ವರ್ಷ, ಹೊಸ ತರಬೇತುದಾರಳು. ಹದಿನೈದಕ್ಕೆ ಐದಡಿ ಐದಿಂಚು ಇರದ ಹುಡುಗಿಗೆ ವಸತಿನಿಲಯದಲ್ಲಿ ಜಾಗವಿಲ್ಲ ಎಂಬ ನಿಯಮವಿತ್ತು. ಕಣ್ಣ ಮುಂದೆ ಚಿಗರೆಯಂತೆ ಆಡುವ ಹುಡುಗಿ ಐದಡಿ ಮೂರಿಂಚು ಬಂದರೆ, ಆಗಿನ ತರಬೇತುದಾರರು ಮಾಡುತ್ತಿದ್ದುದು ಒಂದೇ. "ಹಿಮ್ಮಡಿ ಒಂಚೂರು ಎತ್ತವ್ವಾ" ಎಂದು ಮೆಲ್ಲಗೆ ಹೇಳಿ, ತಲೆಯ ಮೇಲಿನ ಪುಸ್ತಕವನ್ನು ಸ್ವಲ್ಪ ಓರೆ ಹಿಡಿದು, ಎರಡಿಂಚು ಸೇರಿಸಿ ಬರೆಯುವುದು. ಪರೀಕ್ಷೆಯಲ್ಲಿ ಕೃಪಾಂಕ ಕೊಡುತ್ತಾರಲ್ಲ, ಹಾಗೆ. ಎಲ್ಲ ಜಿಲ್ಲೆಯವರೂ ಬರೆಯುತ್ತಿದ್ದರು. ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಒಳ್ಳೆಯದನ್ನು ಮಾಡಿದೆವೆಂದು ಸಂಜೆ ಕೂತು ಚಹಾ ಕುಡಿಯುತ್ತಿದ್ದರು.

"ಆ ಕಳ್ಳಿ ನಾನ ರೀ," ಎಂದರು ಸುಗಂಧಾ. ದನಿ ಅವರಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

ಅವರು ಹಳೆಯದನ್ನೆಲ್ಲ ಹೇಳಿದ ಮೇಲೆ ವಾದಿರಾಜರಿಗೆ ಲೆಕ್ಕ ಹೊಳೆಯಿತು. ಐದಡಿ ಮೂರಿಂಚಿನ ಹುಡುಗಿ ನಿಜವಾಗಿ ನಾಲ್ಕಿಂಚು ಬೆಳೆದಿದ್ದಳು. ಕಾರ್ಡಿನಲ್ಲಿ ಮಾತ್ರ ಆಕೆ ಎರಡೇ ಇಂಚು ಬೆಳೆದಂತೆ ಕಾಣುತ್ತಿತ್ತು. ಎತ್ತರದ ಹುಡುಗಿಯರಿಗೆ ಯಾರ ಕೃಪೆಯೂ ಬೇಕಿರಲಿಲ್ಲ, ಅವರ ಕಾರ್ಡು ಸರಿಯಾಗಿಯೇ ಇತ್ತು. ಹೀಗಾಗಿ ಗಿಡ್ಡವರು ಹೆಚ್ಚು ಬೆಳೆಯುವುದಿಲ್ಲ ಎಂದು ಯಂತ್ರ ಕಲಿಯಿತು. ಈಗ ಬೆಳಕಿನ ಗೆರೆ ಯಾರಿಗೂ ದಯೆ ತೋರದೆ ಅಳೆಯುತ್ತದೆ. ಜೋಯಾಳ ನಿಜವಾದ ಐದಡಿ ಮೂರಕ್ಕೆ ಯಂತ್ರ ಎರಡನ್ನೇ ಕೂಡಿಸಿ ಬೇಡ ಎನ್ನುತ್ತದೆ. ಅಂದು ಕೊಟ್ಟ ಎರಡಿಂಚನ್ನು ಅದು ಇಂದಿನ ಹುಡುಗಿಯರಿಂದ ಕಿತ್ತುಕೊಳ್ಳುತ್ತಿತ್ತು. ನೂರ ನಲವತ್ತಮೂರು ಮಂದಿಯಿಂದ ಕಿತ್ತುಕೊಂಡದ್ದೂ ಆಗಿತ್ತು.

ವಾದಿರಾಜರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಮೇಡಂ, ಇದನ್ನ ಸರಿ ಮಾಡಲಿಕ್ಕೆ ನನಗ ವರ್ಷ ಬೇಕು. ಪಟ್ಟಿ ನಾಳೆ ಮುಚ್ಚತದ. ಆ ಹುಡುಗೀದು ಒಂದು ಉಪಾಯ ಅದ. ಅಕಿ ಎತ್ತರ ಕೈಯಿಂದ ತುಂಬೋಣು. ಐದಡಿ ಐದು ಅಂತ ಹಾಕಿದ್ರ ಯಂತ್ರ ಏಳು ಅಂತದ. ಅದs ಖರೇನೂ ಹೌದು. ಯಾರಿಗೂ ಗೊತ್ತಾಗೂದಿಲ್ಲ."

ಸುಗಂಧಾ ಪರದೆಯನ್ನೇ ನೋಡುತ್ತಿದ್ದರು. ಹೂಂ ಎಂದುಬಿಟ್ಟರೆ ಜೋಯಾಗೆ ಸ್ಥಾನ ಸಿಗುತ್ತದೆ, ತಮ್ಮ ಮಾನವೂ ಉಳಿಯುತ್ತದೆ, ವಾದಿರಾಜರ ಬಹುಮಾನವೂ ಉಳಿಯುತ್ತದೆ. ಬೆರಳು ಹಳೆಯ ಅಭ್ಯಾಸಕ್ಕೆ ಆಗಲೇ ಮೇಜಿನ ಮೇಲೆ ಸುರುಳಿಯ ಐದನ್ನು ಬರೆಯುತ್ತಿತ್ತು. ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

"ಬ್ಯಾಡ್ರಿ," ಎಂದರು ಕಡ್ಡಿ ಮುರಿದಂತೆ. "ನಾನೂ ಆವತ್ತ ಹಿಂಗ ಅಂದಿದ್ದೆ, ಯಾರಿಗೂ ಗೊತ್ತಾಗೂದಿಲ್ಲಂತ. ಅಕೀದು ಐದಡಿ ಮೂರ ಇರಲಿ. ನಾ ಪತ್ರ ಬರೀತೇನಿ."

ಪತ್ರ ಎರಡು ಪುಟವಿತ್ತು. ಯಾವ ವರ್ಷ, ಯಾವ ಕಾರ್ಡು, ಎಷ್ಟು ಇಂಚು ಎಂದು ಮೂವತ್ತೊಂದು ಹೆಸರುಗಳನ್ನು ನೆನಪಿದ್ದಷ್ಟು ಬರೆದು, ಕೆಳಗೆ ಸಹಿ ಮಾಡಿದ್ದರು. ಮರುದಿನ ಬೆಳಿಗ್ಗೆ ಅದನ್ನು ಓದಿದ ಆಯ್ಕೆ ಸಮಿತಿಯ ಅಧ್ಯಕ್ಷೆ ರತ್ನಮಾಲಾ ಹೊಸಮನಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. ರಾಜ್ಯ ತಂಡದ ನಾಯಕಿಯಾಗಿ ಹೆಸರು ಮಾಡಿದ್ದವರು ಅವರು.

"ಮೇಡಂ," ಎಂದರು, "ಎರಡನೇ ಪುಟದಾಗಿರೂ ಹೆಸರು ನಂದ ಅಲ್ರೀ?"

"ನಿಂದ ಯವ್ವಾ."

"ನಾ ಐದಡಿ ಐದು ಇದ್ದೆ ಅಂತ ಈವತ್ತಿನ ತನಕಾ ತಿಳಕೊಂಡಿದ್ದೆ."

"ಮೂರೂವರೆ ಇದ್ದಿ. ಚೆಂದ ಆಡತಿದ್ದಿ."

ರತ್ನಮಾಲಾ ಪತ್ರವನ್ನು ಮಡಚಿಡಬಹುದಿತ್ತು. ಮಡಚಲಿಲ್ಲ, ಸಭೆಯಲ್ಲಿ ತಮ್ಮ ಹೆಸರೂ ಬಿಡದಂತೆ ಗಟ್ಟಿಯಾಗಿ ಓದಿದರು. ಮುಂಗನ್ನಡಿಯನ್ನು ಒಂದು ವರ್ಷ ನಿಲ್ಲಿಸಲಾಯಿತು. ಕೊನೆಯ ಸ್ಥಾನಕ್ಕೆ ಸಂಜೆ ಪಂದ್ಯ ಆಡಿಸಿ ನೋಡಿದರು. ಅದು ಜೋಯಾಳ ಪಾಲಾಯಿತು. ಸುಗಂಧಾ ಬಡಿಗೇರ ಅವರನ್ನು ಆಯ್ಕೆಯ ಕೆಲಸದಿಂದ ತೆಗೆದುಹಾಕಲಾಯಿತು. ಅದು ನ್ಯಾಯವೇ ಎಂದು ಅವರೂ ಒಪ್ಪಿದರು. ನೂರ ನಲವತ್ತಮೂರು ಹುಡುಗಿಯರಿಗೆ ಸಮಿತಿ ವಿಷಾದದ ಪತ್ರ ಕಳಿಸಿತು. ಚಿನ್ಮಯಿ ಕಮ್ಮಾರ ಅದನ್ನು ಓದಿ, ಅಟ್ಟದಿಂದ ಚೆಂಡು ಇಳಿಸಿದಳಂತೆ. ಅದರಲ್ಲಿ ಗಾಳಿ ಇರಲಿಲ್ಲ.

ಜೋಯಾ ವಸತಿನಿಲಯಕ್ಕೆ ಸೇರುವ ದಿನ ಸುಗಂಧಾ ಸುಮ್ಮನೆ ನೋಡಲು ಹೋಗಿದ್ದರು. ಯಂತ್ರವಿಲ್ಲದ್ದರಿಂದ ಹಳೆಯ ಕಾಲದಂತೆ ಗೋಡೆಗೆ ನಿಲ್ಲಿಸಿ ಅಳೆಯುತ್ತಿದ್ದರು. ಯಾರೂ ಹೇಳದಿದ್ದರೂ ಜೋಯಾಳ ಹಿಮ್ಮಡಿ ಮೆಲ್ಲಗೆ ಮೇಲೆದ್ದಿತು. ಸುಗಂಧಾ ಹತ್ತಿರ ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿದರು.

"ಹಿಮ್ಮಡಿ ಇಳಸವ್ವಾ."

"ಒಂಚೂರs ಅಲ್ರೀ ಮೇಡಂ," ಎಂದಳು ಜೋಯಾ. "ಇದರಿಂದ ಯಾರಿಗೇನ ಆಗತೈತ್ರಿ?"

ಸುಗಂಧಾ ಪರ್ಸಿನಿಂದ ಹಳೆಯ ಕಾರ್ಡೊಂದರ ನಕಲನ್ನು ತೆಗೆದು ಅವಳ ಕೈಗೆ ಕೊಟ್ಟರು. ಅವರು ಬರೆದ ಮೊದಲ ಐದಡಿ ಐದಿಂಚು ಅದರಲ್ಲಿತ್ತು. ಮೂಲೆಯಲ್ಲಿದ್ದ ತಾರೀಖು ಎರಡು ಸಾವಿರದ ಇಪ್ಪತ್ತಾರನೇ ಇಸವಿಯ ಜೂನ್ ತಿಂಗಳಿನದು. ಜೋಯಾ ಹುಟ್ಟಲು ಆಗ ಇನ್ನೂ ಹದಿಮೂರು ವರ್ಷವಿತ್ತು.