ಅಟ್ಟ ಸೇರಿದ ಗಿರಿಗೂಳಿ

"ಅಪ್ಪಾ, ನಿಲ್ಸು! ಸಾಕು, ನಿಲ್ಸು!"

ಜೀವಿತಾ ಸ್ಕೂಲ್ ಬ್ಯಾಗನ್ನೂ ಇಳಿಸದೆ ನಡುಮನೆಗೆ ಓಡಿಬಂದಳು. ಅಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು. ಅಪ್ಪ ಯೋಗೀಶ್ ಏಣಿಯ ಮೇಲೆ ನಿಂತು ಕೊನೆಯ ಮಂಕರಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಸುರಿದರು. ದಡದಡ ಸದ್ದಿಗೆ ಮನೆಯೆಲ್ಲ ಅದುರಿತು.

"ಏನಾಯ್ತೇ? ಚೇಳುಗೀಳು ಕಡೀತಾ?"

"ಅಟ್ಟದ ಮೂಲೇಲಿ ನನ್ ಬುಕ್ ಇತ್ತಪ್ಪ. ತೆಕ್ಕೊಡು."

ಅಪ್ಪ ಸೂರು ಮುಟ್ಟಿದ ಕಾಯಿರಾಶಿಯನ್ನು ನೋಡಿದರು, ಮಗಳನ್ನು ನೋಡಿದರು. ಕೆಳಗಿದ್ದ ಅಜ್ಜಿ ಶಿವರುದ್ರಮ್ಮನೇ ಉತ್ತರ ಕೊಟ್ಟರು.

"ಒಳಗಿನ ನೀರು ಇಂಗಿ ಕೊಬ್ಬರಿ ಆಗೋಗಂಟ ಅಟ್ಟದ ಕಾಯಿ ಕದಲಿಸ್ಬಾರ್ದು ಕಣೇ. ಕದಲಿಸಿದ್ರೆ ಕೆಟ್ಟೋಯ್ತವೆ. ಇನ್ನು ಬರೋ ವರ್ಷಾನೇ ನಿನ್ ಬುಕ್ಕು. ಅದ್ಸರಿ, ಓದೋ ಬುಕ್ಕನ್ನ ಅಟ್ಟದಾಗೆ ಯಾರಾದ್ರೂ ಮಡಗ್ತಾರಾ?"

ಜೀವಿತಾ ಬ್ಯಾಗ್ ಇಳಿಸಿ ಮತ್ತೊಮ್ಮೆ ಅಟ್ಟದ ಕಡೆ ನೋಡಿದಳು. ಪುಸ್ತಕವನ್ನು ಅವಳು ಬೇಕೆಂದೇ ಅಲ್ಲಿ ಬಚ್ಚಿಟ್ಟಿದ್ದಳು. ಆದರೆ ಒಂದೆರಡು ದಿನಕ್ಕೆಂದು, ಇಡೀ ವರ್ಷಕ್ಕಲ್ಲ.

ಅದು 'ಏಳು ಕಣಿವೆಯ ಸಾಹಸ' ಸರಣಿಯ ಆರನೇ ಪುಸ್ತಕ. ತುಮಕೂರಿನ ಸೋದರಮಾವ ಒಂದೊಂದಾಗಿ ತಂದುಕೊಡುತ್ತಿದ್ದರು. ಅದರಲ್ಲಿ ಗಿರಿಗೂಳಿ ಎಂಬ ದೈತ್ಯಪ್ರಾಣಿ ಇದೆ. ಮಲಗಿದರೆ ಬೆಟ್ಟ, ಎದ್ದರೆ ಭೂಕಂಪ! ಬೆನ್ನ ಮೇಲೆ ಹುಲ್ಲುಗಾವಲು, ಕೊಂಬುಗಳ ನಡುವೆ ಹದ್ದಿನ ಗೂಡು. ಕಣಿವೆಯ ಜನ ಅದನ್ನು ಕಂಡರೆ ಕಾಲಿಗೆ ಬುದ್ಧಿ ಹೇಳುತ್ತಾರೆ. ಪಾಪ, ಅದೋ, ಗೂಡಿನ ಮೊಟ್ಟೆ ಬಿದ್ದುಬಿಟ್ಟೀತೆಂದು ಬಂದ ಸೀನನ್ನೂ ತಡೆದುಕೊಳ್ಳುತ್ತದೆ.

ಗೆಳತಿ ಸೌಮ್ಯಳಿಗಂತೂ ಗಿರಿಗೂಳಿ ಎಂದರೆ ಪ್ರಾಣ. ಬೋರನಕಣಿವೆಗೆ ಸ್ಕೂಲ್ ಟ್ರಿಪ್ ಹೋದಾಗ ಅಲ್ಲಿನ ಗುಡ್ಡ ತೋರಿಸಿ, "ಅಲ್ನೋಡೇ, ನಮ್ ಗೂಳಿ ಮಲಗ್ಯದೆ! ಮೆತ್ತಗೆ ಮಾತಾಡು" ಎಂದಿದ್ದಳು. ಜೀವಿತಾ ಓದಿ ಮುಗಿಸಿದ ಮಾರನೇ ದಿನವೇ ಪುಸ್ತಕ ಸೌಮ್ಯಳ ಕೈಗೆ. ಅದು ಅವರಿಬ್ಬರ ರೂಲ್.

ಈ ಸಲ ಮಾತ್ರ ಜೀವಿತಾಳಿಗೆ ಕೊಡಲು ಮನಸ್ಸೇ ಬರಲಿಲ್ಲ. ಆರನೇ ಪುಸ್ತಕದ ಕೊನೆಯಲ್ಲಿ ಗಿರಿಗೂಳಿ ಸಾಯುತ್ತದೆ. ಸೌಮ್ಯ ಮೊದಲೇ ಅಳುಬುರುಕಿ. ಇದನ್ನು ಓದಿದರೆ ಏನು ಗತಿ?

ಮರುದಿನ ಬೆಳಿಗ್ಗೆ ಸ್ಕೂಲಿಗೆ ಹೋಗುವ ದಬ್ಬೇಘಟ್ಟದ ಬಸ್ಸಿನಲ್ಲಿ ಸೌಮ್ಯ ಕೈಚಾಚಿದಳು. "ತಂದ್ಯಾ?"

"ಇಲ್ಲ ಕಣೇ. ಅಟ್ಟದಲ್ಲಿ ಕಾಯಿ ಕೆಳಗೆ ಸಿಕ್ಕಾಕೊಂಡದೆ."

"ಮೊನ್ನೆ ಓದಿಲ್ಲ ಅಂದೆ. ನೆನ್ನೆ ಮರ್ತೋಯ್ತು ಅಂದೆ. ಇವತ್ತು ಅಟ್ಟಾನಾ? ಕೊಡಕ್ಕೆ ಇಷ್ಟ ಇಲ್ಲ ಅಂತ ನೆಟ್ಟಗೆ ಹೇಳು. ಟೂ!"

ಸೌಮ್ಯ ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತಳು. ಕ್ಲಾಸಿನಲ್ಲೂ ಮಾತಿಲ್ಲ. ಮಧ್ಯಾಹ್ನ ಊಟಕ್ಕೂ ಬೇರೆ ಹುಡುಗಿಯರ ಜೊತೆ ಕುಳಿತಳು. ಜೀವಿತಾ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು. ನಿಜ ಹೇಳಿದ ದಿನವೇ ಸೌಮ್ಯ ತನ್ನನ್ನು ಸುಳ್ಳುಬುರುಕಿ ಎಂದುಕೊಂಡಳಲ್ಲ!

ಸಂಜೆ ಬಸ್‌ಸ್ಟಾಪಿನಲ್ಲಿ ಅವಳಿಗೆ ತಡೆಯಲಾಗಲಿಲ್ಲ. ನೇರ ಹೋಗಿ ಸೌಮ್ಯಳ ಎದುರು ನಿಂತಳು.

"ಗಿರಿಗೂಳಿ ಸತ್ತೋಗುತ್ತೆ ಕಣೇ. ಅದಕ್ಕೇ ಬಚ್ಚಿಟ್ಟೆ. ಅಟ್ಟದ್ದೂ ನಿಜ. ದೇವರಾಣೆ."

ಸೌಮ್ಯಳ ಮುಖ ಸಪ್ಪಗಾಯಿತು. ಆಮೇಲೆ, "ಹೆಂಗೆ?" ಎಂದಳು.

"ಬ್ಯಾಡ ಬುಡು. ನೀನು ಅಳ್ತೀಯ."

"ಅಳು ಬಂದ್ರೆ ಅಳ್ತೀನಿ. ನಮ್ ಕರು ಸಾಯ್ವಾಗ್ಲೂ ಅತ್ತೆ. ಆದ್ರೆ ಅದ್ರ ಪಕ್ಕ ಬುಟ್ಟು ಕದಲಲಿಲ್ಲ. ಗೂಳಿ ಹತ್ರ ಯಾರಿದ್ರು?"

ಅಷ್ಟರಲ್ಲಿ ಬಸ್ ಬಂತು.

"ಹೇಳೇ. ಮೊದಲಿಂದ ಹೇಳು" ಎಂದು ಸೌಮ್ಯ ಅವಳ ಕೈ ಹಿಡಿದು ಬಸ್ ಹತ್ತಿಸಿದಳು.

ಇಬ್ಬರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತರು. ಜೀವಿತಾ ಹೇಳತೊಡಗಿದಳು. ಮಳೆ ಹುಯ್ದದ್ದು, ಮೇಲಿನ ಕೆರೆ ಒಡೆದದ್ದು, ನೀರು ಕಣಿವೆಗೆ ನುಗ್ಗಿದ್ದು. ತನ್ನನ್ನು ಕಂಡು ಓಡುತ್ತಿದ್ದ ಅದೇ ಜನರಿಗಾಗಿ ಗಿರಿಗೂಳಿ ನೀರಿಗೆ ಅಡ್ಡಲಾಗಿ ಮಲಗಿದ್ದು. ಎಲ್ಲ ಸರಾಗವಾಗಿ ಬಂತು.

"ಬೆಳಿಗ್ಗೆ ನೀರು ನಿಂತೋಯ್ತು. ಊರೋರೆಲ್ಲ ಹತ್ರ ಬಂದ್ರು. ಆಗ ಗೂಳಿ... ಗೂಳಿ ಕಣ್ಣು..."

ಮುಂದಿನದು ಗೂಳಿ ಸಾಯುವ ಪುಟ. ಆ ಪುಟವನ್ನು ಅವಳು ಒಂದೇ ಸಲ, ಅದೂ ಗಡಿಬಿಡಿಯಲ್ಲಿ ಓದಿದ್ದಳು. ಓದಿದ ತಕ್ಷಣ ಪುಸ್ತಕ ಮುಚ್ಚಿ, ಏಣಿ ಹತ್ತಿ, ಕೈಗೆ ಸಿಗದಷ್ಟು ಒಳಕ್ಕೆ ತಳ್ಳಿದ್ದಳು. ಆಗ ಒಂದು ಹನಿಯೂ ಬಂದಿರಲಿಲ್ಲ. ಈಗ ಬಸ್ಸಿನ ತುಂಬ ಜನರಿದ್ದರೂ ಬಿಕ್ಕಿ ಬಿಕ್ಕಿ ಅಳು ಬಂತು.

ಸೌಮ್ಯಳ ಕಣ್ಣೂ ತುಂಬಿತ್ತು. ಆದರೂ ಅವಳು ಗೆಳತಿಯ ಬೆನ್ನು ಸವರುತ್ತಾ ಕುಳಿತಳು.

ಕಂಡಕ್ಟರ್ ಗಂಗರಾಜು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಬಗ್ಗಿದರು. "ಯಾಕ್ರವ್ವಾ? ಟೆಸ್ಟಲ್ಲಿ ಮಾರ್ಕ್ಸ್ ಕಮ್ಮಿ ಬಂತಾ?"

"ಇಲ್ಲಣ್ಣ, ನಮ್ಮೋರೊಬ್ರು ತೀರ್ಕೊಂಡ್ರು" ಎಂದಳು ಸೌಮ್ಯ.

ಗಂಗರಾಜು ಮತ್ತೇನೂ ಕೇಳದೆ ತಮ್ಮ ನೀರಿನ ಬಾಟ್ಲಿ ಕೊಟ್ಟು ಮುಂದೆ ಹೋದರು.

ಜೀವಿತಾ ನೀರು ಕುಡಿದು ಮುಖ ಒರೆಸಿಕೊಂಡಳು. ಪಕ್ಕದಲ್ಲಿ ಕುಳಿತ ಗೆಳತಿಯನ್ನು ನೋಡಿದಳು. ಪುಸ್ತಕವನ್ನು ತಾನು ಬಚ್ಚಿಟ್ಟಿದ್ದು ಸೌಮ್ಯಳಿಗೆ ಕಾಣದಿರಲೆಂದು ಮಾತ್ರ ಅಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ಸಾಕಾ? ನಾಳೆ ಹೇಳ್ತೀಯಾ?" ಸೌಮ್ಯ ಕೇಳಿದಳು.

"ಬ್ಯಾಡ. ಈಗ್ಲೇ ಹೇಳ್ತೀನಿ. ನನ್ ಕೈ ಹಿಡ್ಕೊ."

ಸೌಮ್ಯ ಹಿಡಿದುಕೊಂಡಳು. ಜೀವಿತಾ ಆ ಪುಟದಲ್ಲಿ ನೆನಪಿದ್ದುದನ್ನೆಲ್ಲ, ಏನನ್ನೂ ಬಿಡದೆ ನಿಧಾನವಾಗಿ ಹೇಳಿದಳು.