ಹನ್ನೆರಡು ಚೂಟಿಯರು

“ಫ್ರಿಜ್ ಆಫ್ ಮಾಡಿದ್ಯಾರೋ?” ಅಡುಗೆಮನೆಯಿಂದ ಅಮ್ಮ ಕೂಗಿದಳು.

“ನಾನೇ ಅಮ್ಮಾ! ಅದು ಗುಂಯ್ ಅನ್ನುತ್ತೆ, ಮೈಕಿಗೆ ಕೇಳ್ಸುತ್ತೆ!” ಕೋಣೆಯಿಂದ ಅಣ್ಣ ಕೂಗಿದ.

“ಹಾಲು ಒಡೆದ್ರೆ ನಿನ್ನ ತಲೆ ಒಡೀತೀನಿ, ನೋಡ್ತಾ ಇರು!”

ಸರಿಯಾಗಿ ಅದೇ ಹೊತ್ತಿಗೆ ಚೂಟಿ ಶಾಲೆಯಿಂದ ಬಂದಳು. ಬೆನ್ನಿಗೆ ಬ್ಯಾಗು, ಕೈಯಲ್ಲಿ ಪಿಟೀಲಿನ ಪೆಟ್ಟಿಗೆ, ಮುಖ ಮಾತ್ರ ಊದಿಕೊಂಡಿತ್ತು. ಈ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿಬಿಡಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದಳು. ಆದರೆ ಅವಳೂ ಅಣ್ಣನೂ ಮಲಗುವ ಕೋಣೆ ಇವತ್ತು ಸ್ಟುಡಿಯೋ ಆಗಿಬಿಟ್ಟಿತ್ತು.

ಕಿಟಕಿಗೆ ಹಾಸಿಗೆ ಒರಗಿಸಿದ್ದರು. ಗೋಡೆ ತುಂಬ ಕಂಬಳಿ. ಕಂಪ್ಯೂಟರ್ ಮುಂದೆ ಅಣ್ಣ, ನೆಲದ ಮೇಲೆ ಅವನ ಗೆಳೆಯ ಡ್ರಮ್ಮಣ್ಣ. ಇಬ್ಬರದೂ ಮೆಟಲ್ ಬ್ಯಾಂಡು. ಮೆಟಲ್ ಅಂದರೆ ಸುಮ್ಮನೆ ಅಲ್ಲ. ಗಿಟಾರ್ ಗರಗಸದ ಹಾಗೆ ಗರ್‍ರ್ ಅನ್ನಬೇಕು, ಡ್ರಮ್ಮು ಎದೆಯೊಳಗೆ ಬಡಿಯಬೇಕು, ಹಾಡುವವನು ಗರ್ಜಿಸಬೇಕು. ಅಮ್ಮ ಅದನ್ನು ‘ಹಲ್ಲುನೋವಿನ ಹಾಡು’ ಅನ್ನುತ್ತಿದ್ದಳು.

“ಚೂಟಿ, ಕೇಳೇ ಇಲ್ಲಿ! ಹಾಡಿಗೆ ಆರ್ಕೆಸ್ಟ್ರಾ ಹಾಕಿದೀನಿ. ಅರವತ್ತು ಪಿಟೀಲು, ಎಲ್ಲಾ ಈ ಕಂಪ್ಯೂಟರ್ ಒಳಗೆ! ಕೂರೋಕೆ ಜಾಗ ಕೇಳಲ್ಲ, ಕಾಫಿ ಕೇಳಲ್ಲ, ಒಂದೇ ಒಂದು ತಪ್ಪು ಮಾಡಲ್ಲ!”

ತಪ್ಪು ಮಾಡಲ್ಲ! ಚೂಟಿ ಪೆಟ್ಟಿಗೆಯನ್ನು ಧೊಪ್ಪನೆ ಕೆಳಗಿಟ್ಟಳು.

ಮಧ್ಯಾಹ್ನವಷ್ಟೇ ಮ್ಯೂಸಿಕ್ ಮಿಸ್ ಅವಳನ್ನು ಪಕ್ಕಕ್ಕೆ ಕರೆದಿದ್ದರು. “ನೋಡು ಪುಟ್ಟಾ, ನೀನು ಯಾವಾಗ್ಲೂ ಒಂಚೂರು ಹಿಂದೆ ಬೀಳ್ತೀಯ. ಶನಿವಾರ ಸ್ಕೂಲ್ ಆರ್ಕೆಸ್ಟ್ರಾ ಜೊತೆ ಸ್ಟೇಜ್ ಮೇಲೆ ಕಮಾನು ಸುಮ್ನೆ ಆಡಿಸು, ತಂತಿಗೆ ತಾಗಿಸಬೇಡ. ಯಾರಿಗೂ ಗೊತ್ತಾಗಲ್ಲ.”

ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಶನಿವಾರ ಅಮ್ಮ ಮೊದಲ ಸಾಲಿನಲ್ಲೇ ಕೂರುವವಳು. ಸದ್ದೇ ಇಲ್ಲದ ಪಿಟೀಲಿಗೆ ಅಮ್ಮ ಚಪ್ಪಾಳೆ ತಟ್ಟುತ್ತಾಳಲ್ಲಾ ಎಂದು ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಅಣ್ಣ ಹಾಡು ಹಾಕಿದ. ಮುಗಿದ ಮೇಲೆ ಡ್ರಮ್ಮಣ್ಣ ತಲೆ ಕೆರೆದುಕೊಂಡ.

“ಚೆನ್ನಾಗಿದೆ ಕಣೋ. ಆದ್ರೆ ಇಸ್ತ್ರಿ ಮಾಡಿ ನೇತುಹಾಕಿದ ಶರ್ಟ್ ಇದ್ದ ಹಾಗಿದೆ. ಒಂದು ಸುಕ್ಕೂ ಇಲ್ಲ, ಒಳಗೆ ಮನುಷ್ಯನೂ ಇಲ್ಲ.” ಅಷ್ಟರಲ್ಲಿ ಅವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. “ಅಯ್ಯೋ ಮಾರಾಯ! ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯ್ತಲ್ಲ ನಿನ್ನ ಕತೆ!”

“ನಂಗೆ ಬರಲ್ಲ,” ಎಂದಳು ಚೂಟಿ.

“ನಾಲ್ಕೇ ನಾಲ್ಕು ಸ್ವರ ಕಣೇ. ಪ್ಲೀಸ್! ನನ್ನ ಸೈಕಲ್ ಒಂದು ವಾರ ನಿಂಗೆ,” ಎಂದ ಅಣ್ಣ.

ಸೈಕಲ್ ಅಂದ ಮೇಲೆ ಇನ್ನೇನು? ಚೂಟಿ ಹೆಡ್‌ಫೋನ್ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಮೊದಲ ಸಲ ಹಿಂದೆ ಬಿದ್ದಳು. ಎರಡನೇ ಸಲ ಹೆದರಿ ಮುಂದೆ ಓಡಿದಳು. ಆಮೇಲೊಮ್ಮೆ ಕಮಾನು ಕಿರ್ ಅಂದಿತು, ಇನ್ನೊಮ್ಮೆ ಕುರ್ಚಿಯೇ ಕಿರ್ ಅಂದಿತು. ಹೀಗೆ ಏಳು ಸಲ ಕೆಟ್ಟು, ಎಂಟನೇ ಸಲ ಎಲ್ಲ ಸರಿಯಾಗಿ ಬಂತು.

“ಸೂಪರ್!” ಅಣ್ಣ ಕುಣಿದ. “ಈಗ ಇದನ್ನೇ ಹನ್ನೆರಡು ಸಲ ಕಾಪಿ ಮಾಡ್ತೀನಿ. ಹನ್ನೆರಡು ಜನ ರೆಡಿ!”

ಕಾಪಿ ಮಾಡಿ, ಬಟನ್ ಒತ್ತಿದ. ಮೂವರೂ ಕಿವಿ ಮುಚ್ಚಿಕೊಂಡರು. ಹನ್ನೆರಡು ಜನ ಎಲ್ಲಿ ಬಂದರು? ಒಬ್ಬಳೇ ಚೂಟಿ, ಹನ್ನೆರಡು ಪಟ್ಟು ಜೋರಾಗಿ ಕಿರುಚುತ್ತಿದ್ದಳು ಅಷ್ಟೆ.

“ಇದ್ಯಾಕೋ ಹೀಗೆ?” ಎಂದ ಅಣ್ಣ, ಸಪ್ಪಗೆ.

“ಎಲ್ಲಾ ಒಂದೇ ಆದ್ರೆ ಒಬ್ಬಳೇ ತಾನೆ?” ಡ್ರಮ್ಮಣ್ಣ ಎದ್ದು ಕೂತ. “ಮೊದಲು ರೆಕಾರ್ಡ್ ಮಾಡಿ ಕೆಟ್ಟ ಆ ಏಳು ಟೇಕ್ ಇದೆಯಲ್ಲ, ಅದನ್ನೂ ಸೇರಿಸು.”

“ಬೇಡ!” ಚೂಟಿ ಹಾರಿ ಅಣ್ಣನ ಕೈ ಹಿಡಿದಳು. “ಅದರಲ್ಲಿ ನಾನು ಹಿಂದೆ ಬಿದ್ದಿದೀನಿ! ಮಿಸ್ ಹೇಳಿದಾರೆ, ನಾನು ತಂತಿ ಮುಟ್ಟಲೇಬಾರದು ಅಂತ!”

ಅಂದದ್ದೇ ತಡ, ಅಳು ಬಂದುಬಿಟ್ಟಿತು. ಬಿಕ್ಕಿ ಬಿಕ್ಕಿ ಎಲ್ಲ ಹೇಳಿದಳು. ಅಣ್ಣ ಅವಳ ಪಕ್ಕ ಮಂಡಿಯೂರಿದ. ತನ್ನ ಟೀ ಶರ್ಟಿನ ತುದಿಯಿಂದ ಅವಳ ಮೂಗು ಒರೆಸಿದ. ಅದು ಅಷ್ಟೇನೂ ಶುಭ್ರವಾದ ಟೀ ಶರ್ಟ್ ಅಲ್ಲ, ಆದರೂ ಅವಳಿಗೆ ಸಮಾಧಾನವಾಯಿತು.

“ಒಂದೇ ಸಲ ಕೇಳೋಣ. ಚೆನ್ನಾಗಿಲ್ಲದಿದ್ರೆ ನೀನೇ ಡಿಲೀಟ್ ಮಾಡು,” ಎಂದ.

ಎಂಟೂ ಸೇರಿಸಿ ಬಟನ್ ಒತ್ತಿದ.

ಚೂಟಿ ಅಳುವುದನ್ನು ಮರೆತಳು. ಒಬ್ಬಳು ಕೊಂಚ ಮುಂದೆ, ಒಬ್ಬಳು ಕೊಂಚ ಹಿಂದೆ. ಒಬ್ಬಳ ಕಮಾನು ಒರಟು, ಇನ್ನೊಬ್ಬಳದು ಮೆತ್ತಗೆ. ಯಾರೂ ಕೆಟ್ಟದಾಗಿ ಕೇಳಿಸಲಿಲ್ಲ. ಕಂಪ್ಯೂಟರಿನ ಅರವತ್ತು ಪಿಟೀಲು ಕೆಳಗಿನಿಂದ ಎತ್ತಿಹಿಡಿದಿದ್ದವು. ಅವುಗಳ ಮೇಲೆ ನಿಜವಾಗಿಯೂ ಒಂದು ಗುಂಪು ಜನ ಕೂತು ನುಡಿಸುತ್ತಿದ್ದರು.

“ಇನ್ನು ನಾಲ್ಕು ಜನ ಬೇಕು!” ಡ್ರಮ್ಮಣ್ಣ ಅವಳ ಕುರ್ಚಿಯನ್ನು ಮೂಲೆಗೆ ಎಳೆದ. “ಈಗ ನೀನು ಉದ್ದ ಮೀಸೆಯ ಮಾವ.”

ಚೂಟಿ ಮಾವನ ಹಾಗೆ ನುಡಿಸಿದಳು. ಬಾಗಿಲ ಹತ್ತಿರ ಕೂತು, ನಿದ್ದೆಗಣ್ಣಿನ ಅಜ್ಜಿಯ ಹಾಗೆ. ಬಸ್ ತಪ್ಪಿಸಿಕೊಂಡ ಅತ್ತೆಯ ಹಾಗೆ. ಕೊನೆಗೆ ತನ್ನ ಹಾಗೆಯೇ. ಅಣ್ಣ ಹನ್ನೆರಡನ್ನೂ ಸೇರಿಸಿ ಹಾಡು ಹಾಕಿದ.

ಅಷ್ಟರಲ್ಲಿ ಅಮ್ಮ ಫ್ರಿಜ್ ವಿಚಾರ ಇತ್ಯರ್ಥ ಮಾಡಲು ಬಂದವಳು ಬಾಗಿಲಲ್ಲೇ ನಿಂತಳು. ಹಾಡು ಕೇಳಿ, “ಇಷ್ಟೊಂದು ಜನ ಯಾವಾಗ ಬಂದ್ರೋ? ಹೊರಗೆ ಚಪ್ಪಲಿನೇ ಕಾಣ್ಸಲ್ವಲ್ಲ!” ಎಂದಳು.

ಮರುದಿನ ರಿಹರ್ಸಲ್‌ಗೆ ಮೊದಲು ಚೂಟಿ ಮಿಸ್ ಹತ್ತಿರ ಹೋದಳು. ಎದೆ ಡ್ರಮ್ಮಿಗಿಂತ ಜೋರಾಗಿ ಬಡಿಯುತ್ತಿತ್ತು.

“ಮಿಸ್, ಇವತ್ತೊಂದಿನ ತಂತಿ ಮುಟ್ಟಿ ನುಡಿಸ್ಲಾ? ನೀವೇ ಕೇಳಿ ನೋಡಿ.”

ಮಿಸ್ ಅವಳನ್ನೇ ನೋಡಿದರು. “ಸರಿ. ಮೆಲ್ಲಗೆ.”

ಚೂಟಿ ಕೊನೆಯ ಸಾಲಿನಲ್ಲಿ, ಕನ್ನಡಕದ ಹುಡುಗಿಯ ಪಕ್ಕ ಕೂತಳು. ವಾದ್ಯಗಳು ಶುರುವಾದವು. ಇವತ್ತು ಅವಳಿಗೆ ಎಲ್ಲರೂ ಬೇರೆ ಬೇರೆಯಾಗಿ ಕೇಳಿಸಿದರು. ಮುಂದಿನ ಸಾಲಿನ ಉದ್ದನೆಯ ಹುಡುಗ ಯಾವಾಗಲೂ ಒಂಚೂರು ಅವಸರ. ಅವನ ಪಕ್ಕದವಳು ಒಂಚೂರು ಒರಟು. ಅವರ ನಡುವೆ ತನ್ನದೂ ಇತ್ತು, ಒಂಚೂರು ಹಿಂದೆ.

ಆದರೆ ಪಕ್ಕದಲ್ಲಿ ಸದ್ದೇ ಇರಲಿಲ್ಲ. ಚೂಟಿ ಓರೆಗಣ್ಣಿನಿಂದ ನೋಡಿದಳು. ಕನ್ನಡಕದ ಹುಡುಗಿಯ ಕಮಾನು ಹೋಗುತ್ತಿತ್ತು, ಬರುತ್ತಿತ್ತು, ತಂತಿಗೆ ತಾಗುತ್ತಿರಲಿಲ್ಲ.

“ನಿಂಗೂ ಹೇಳಿದಾರಾ?” ಚೂಟಿ ಪಿಸುಗುಟ್ಟಿದಳು.

ಹುಡುಗಿ ತಲೆ ತಗ್ಗಿಸಿ ಹ್ಞೂಂ ಅಂದಳು.

ಹಾಡು ನಿಂತ ಕೂಡಲೇ ಚೂಟಿ ತನ್ನ ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡು ಕೈ ಎತ್ತಿದಳು.

“ಮಿಸ್, ಇನ್ನೊಂದ್ಸಲ ನುಡಿಸೋಣ. ಇಲ್ಲಿ ಒಬ್ಬರು ಕಮ್ಮಿ ಇದಾರೆ.”