ಎರಡನೇ ಕೋಣೆಯ ಕಂಪ್ಯೂಟರ್

೨೦೧೮ರ ಅಕ್ಟೋಬರ್ ೨೨, ಸೋಮವಾರ. ಬೆಳಿಗ್ಗೆ ೧೧.೧೦ಕ್ಕೆ ವಿಜಯವಾಡದ ಭವಾನಿಪುರಂ ಠಾಣೆಗೆ ಡಾಕ್ಟರ್ ಉಮಾದೇವಿ ದೂರು ತಂದರು. ಅವರ ಕ್ಲಿನಿಕ್ಕಿನ ಐವರು ರೋಗಿಗಳಿಗೆ ಯಾರೋ ಫೋನ್ ಮಾಡುತ್ತಿದ್ದ. ಆಡುವುದು ಒಂದೇ ಮಾತು: "ನಿಮ್ಮ ಕಾಯಿಲೆ ನನಗೆ ಗೊತ್ತು. ಯಾರಿಗೆ ಹೇಳಲಿ?" ಬೇಡಿಕೆಯಿಲ್ಲ, ಬೈಗುಳವೂ ಇಲ್ಲ.

ಓದುತ್ತಿದ್ದ ಇನ್‌ಸ್ಪೆಕ್ಟರ್ ಲಿಂಗರಾಜು ಆ ಸಾಲಿಗೆ ಮತ್ತೆ ಮರಳಿದ. ಶನಿವಾರ ಅದೇ ಮಾತು ಅವನಿಗೂ ಬಂದಿತ್ತು. ಒಂದು ವರ್ಷದಿಂದ ಅವನಿಗೆ ಫಿಟ್ಸ್. ಇಲಾಖೆಗೆ ತಿಳಿದರೆ ಪಿಸ್ತೂಲು, ಜೀಪು, ಠಾಣೆ ಮೂರೂ ಹೋಗಿ ಯಾವುದೋ ಕಚೇರಿಯ ಮೂಲೆಯೇ ಗತಿ. ಅದಕ್ಕೇ ಪೊಲೀಸ್ ಆಸ್ಪತ್ರೆ ತಪ್ಪಿಸಿ, ಉದ್ಯೋಗ 'ವ್ಯವಸಾಯ' ಎಂದು ಬರೆಸಿ, ಇದೇ ಉಮಾದೇವಿಯವರಿಂದ ಮಾತ್ರೆ ಪಡೆಯುತ್ತಿದ್ದ. ಕಳ್ಳನನ್ನು ಹಿಡಿಯಬೇಕಾದವನ ಮನಸ್ಸೇ ಹುಳ್ಳಹುಳ್ಳಗಾಯಿತು.

ವಿಚಾರಣೆ ತೆಲುಗಿನಲ್ಲಿ ನಡೆಯಿತು. ಹೆಡ್ ಕಾನ್‌ಸ್ಟೆಬಲ್ ದುರ್ಗಾಪ್ರಸಾದ್ ಬರೆದುಕೊಳ್ಳುತ್ತಿದ್ದ.

"ಫೈಲುಗಳು ಎಲ್ಲಿರುತ್ತವೆ?"

"ಪರೀಕ್ಷೆ ಕೋಣೆಗಳ ಕಂಪ್ಯೂಟರಲ್ಲಿ. ಹಳೆಯವು ಕೆಟ್ಟಿದ್ದವು. ಹೊಸದು ಆರಿಸೋಕೆ ಮೂರು ಅಂಗಡಿಗಳಿಂದ ಒಂದೊಂದು ತರಿಸಿ, ಕೋಣೆಗೊಂದರಂತೆ ಇಟ್ಟು ನೋಡಿದೆವು. ಅಕ್ಟೋಬರ್ ಒಂದರಿಂದ ಆರರವರೆಗೆ."

"ರೋಗಿಗಳನ್ನು ಅದರಲ್ಲೇ ನೋಡಿದಿರಾ?"

"ಮತ್ತೆ? ಸುಮ್ಮನೆ ಇಟ್ಟರೆ ಏನು ತಿಳಿಯುತ್ತೆ?"

"ವಾಪಸ್ ಕೊಡುವಾಗ ಅಳಿಸಿದಿರಾ?"

ಡಾಕ್ಟರ್ ತಲೆ ತಗ್ಗಿಸಿದರು. ಆಯುಧಪೂಜೆಯ ಹೊತ್ತಿಗೆ ಹೊಸವು ಬಂದು ಕುಂಕುಮ ಇಡಿಸಿಕೊಳ್ಳಬೇಕೆಂಬ ಅವಸರ. ಬೇಡವೆನಿಸಿದ ಎರಡನ್ನು ಇದ್ದಂತೆಯೇ ಕಟ್ಟಿ ಕಳಿಸಿದ್ದರು.

"ಎರಡನೇ ಕೋಣೆಯದು ಯಾವ ಅಂಗಡಿಗೆ ಹೋಯ್ತು?"

ದುರ್ಗಾಪ್ರಸಾದನ ಪೆನ್ನು ನಿಂತಿತು. "ಎರಡನೇದೇ ಅಂತ ಹೇಗೆ ಗೊತ್ತು ಸಾರ್?"

ಡಾಕ್ಟರ್ ತಂದಿದ್ದ ಕ್ಲಿನಿಕ್ಕಿನ ರಿಜಿಸ್ಟರನ್ನು ಲಿಂಗರಾಜು ಅವನತ್ತ ತಳ್ಳಿದ. "ಊಹೆ. ರಿಜಿಸ್ಟರ್ ನೋಡು."

ನೋಡಿದರೆ ಐವರೂ ಆ ವಾರ ಎರಡನೇ ಕೋಣೆಗೇ ಹೋದವರು. ಡಾಕ್ಟರ್ ಬಳ್ಳಾರಿಯವರು. ಲಿಂಗರಾಜುವಿಗೆ ತಿಳಿದ, ದುರ್ಗಾಪ್ರಸಾದನಿಗೆ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಅಂದರು: "ಮೂರನೇ ತಾರೀಖು ನೀವೂ ಅಲ್ಲೇ ಕುಂತಿದ್ರಿ. ನಾನಂತೂ ಬಾಯಿ ಬಿಡಂಗಿಲ್ರಿ."

ಅದು ಧೈರ್ಯದ ಮಾತು. ಅವನಿಗೆ ಮಾತ್ರ ಭಯ ಇಮ್ಮಡಿಯಾಯಿತು.

೧೨.೩೦ಕ್ಕೆ ಎಫ್‌ಐಆರ್ ದಾಖಲಾಯಿತು. ಸಂಜೆ ನಾಲ್ಕಕ್ಕೆ, ಎರಡನೇ ಕೋಣೆಯ ಕಂಪ್ಯೂಟರ್ ಹೋಗಿದ್ದ, ನಗರದ ಒನ್ ಟೌನ್‌ನ ಅಂಗಡಿಗೆ ಹೋದಾಗ ಮಾಲೀಕ ಸಾಯಿಕಿರಣ್ ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ಮೇಜಿನ ಮೇಲೆ ಕ್ಲಿನಿಕ್ಕಿನಿಂದ ವಾಪಸಾದ ಕಂಪ್ಯೂಟರಿತ್ತು, ಅದರ ಪರದೆಗೆ ಕಪ್ಪು ಹಾಳೆ ಅಂಟಿಸಿತ್ತು. ಡ್ರಾಯರಿನಿಂದ ಒಂದು ಫೋನ್ ತೆಗೆದು ಅವನೇ ಕೊಟ್ಟ.

ಪಂಚನಾಮೆಗೆ ಪಂಚರನ್ನು ಕರೆತರಲು ದುರ್ಗಾಪ್ರಸಾದ್ ಹೊರಗೆ ಹೋದ. ಲಿಂಗರಾಜು ಫೋನ್ ತೆರೆದ. ಕರೆ ಮಾಡಿದ ನಂಬರುಗಳು ಆರು. ಆರನೆಯದು ಅವನದೇ, ಕ್ಲಿನಿಕ್ಕಿಗೆ ಮಾತ್ರ ಕೊಟ್ಟಿದ್ದ ಬೇರೆ ನಂಬರು. ಒಮ್ಮೆ ಒತ್ತಿದರೆ ಅಳಿಸಿಹೋಗುತ್ತದೆ. ಹೆಬ್ಬೆರಳು ಅದರ ಮೇಲೆ ಬಂದು ನಿಂತಿತು.

"ಯಾಕೆ ಮಾಡಿದೆ?" ಎಂದ.

"ನಮ್ಮ ತಂಗಿ ಉಷಶ್ರೀ ಅಲ್ಲಿಗೇ ಹೋಗ್ತಿದ್ದಳು ಸಾರ್. ಬಾಗಿಲಾಚೆ ಬೆಂಚಿನಿಂದ ಪರದೆ ಕಾಣ್ತಿತ್ತು. ಗಂಡಿನ ಕಡೆಯವರು ಒಬ್ಬರು ಓದಿಬಿಟ್ಟರು. ಮದುವೆ ಮುರೀತು. ಅದಕ್ಕೇ ಈ ಹಾಳೆ ಹಾಕಿ ಕೊಟ್ಟಿದ್ದೆ. ಎದುರಿಗೆ ಕೂತವರಿಗೆ ಬಿಟ್ಟು ಬೇರೆಯವರಿಗೆ ಕಾಣಲ್ಲ. ನಿಂತು ನೋಡಿದರೆ ತನಗೇ ಕಾಣಲ್ಲ ಅಂತ ಡಾಕ್ಟರಮ್ಮ ನಕ್ಕು ವಾಪಸ್ ಕಳಿಸಿದರು. ಭಯ ಅಂದರೆ ಏನು ಅಂತ ಅವರಿಗೆ ಗೊತ್ತಾಗಲಿ ಅಂತ..."

"ಗೊತ್ತಾಗಿದ್ದು ರೋಗಿಗಳಿಗಯ್ಯಾ, ಅವರಿಗಲ್ಲ."

ಸಾಯಿಕಿರಣ್ ಮುಖ ಮುಚ್ಚಿಕೊಂಡ.

"ತಂಗಿಗೆ ಏನು ಕಾಯಿಲೆ?"

"ಫಿಟ್ಸ್. ಈಗ ಮನೆಯಿಂದ ಹೊರಗೇ ಬರಲ್ಲ ಸಾರ್."

ಲಿಂಗರಾಜು ಹೆಬ್ಬೆರಳು ತೆಗೆದು, ಫೋನನ್ನು ಮೇಜಿನ ಮೇಲಿಟ್ಟ. ಇಷ್ಟು ದಿನ ತಾನೂ ಬಾಗಿಲು ಹಾಕಿಕೊಂಡೇ ಕೂತಿದ್ದೇನೆ ಎನ್ನಿಸಿ ಅವನಿಗೆ ನಾಚಿಕೆಯಾಯಿತು.

೫.೨೦ಕ್ಕೆ ಬಂಧನವಾಯಿತು. ಠಾಣೆಯಲ್ಲಿ ದುರ್ಗಾಪ್ರಸಾದ್ ಸಾಕ್ಷಿಗಳ ಪಟ್ಟಿ ಮಾಡಿದ. "ಐದು ಸಾರ್. ಆರನೇ ನಂಬರು ಯಾರದೋ ಪತ್ತೆ ಮಾಡಬೇಕು."

"ಬರ್ಕೊ. ಹೆಸರು ಲಿಂಗರಾಜು. ಕಾಯಿಲೆ ಫಿಟ್ಸ್. ತನಿಖೆ ಇನ್ನು ಎಸಿಪಿ ಸಾಹೇಬರು ನೋಡ್ತಾರೆ."

ದುರ್ಗಾಪ್ರಸಾದ್ ತಲೆಯೆತ್ತಿದ. ಲಿಂಗರಾಜು ಪಿಸ್ತೂಲಿನ ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟ.

"ಉದ್ಯೋಗ, ಪೊಲೀಸ್ ಅಂತಲೇ ಬರಿ," ಎಂದ.